ಜೊತೆಗೆ ನಡೆಯಬಾರದು

ಶ್ವಾಸಕೋಶದ ರೋಗಿಗಳ ತ್ರಾಣ ಅಳೆಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. 30 ಮೀಟರ್ ಉದ್ದದ ಕಾರಿಡಾರ್, ಎರಡು ಕೋನ್, ಒಂದು ಗಡಿಯಾರ ಸಾಕು. 6 ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂಬುದೇ ಲೆಕ್ಕ. ಓಡುವಂತಿಲ್ಲ. ಸುಸ್ತಾದರೆ ಗೋಡೆಗೆ ಒರಗಿ ನಿಲ್ಲಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ಸಂಶೋಧನೆಗಾಗಿ ಈ ಪರೀಕ್ಷೆ ಮಾಡಿಸುವ ನನಗೆ ಕಷ್ಟವೆನಿಸುವುದು ಒಂದೇ ನಿಯಮ: ನಾವು ರೋಗಿಯ ಜೊತೆ ನಡೆಯಬಾರದು. ನಡೆದರೆ ನಮ್ಮ ವೇಗವೇ ಅವರ ವೇಗವಾಗಿಬಿಡುತ್ತದೆ. ನಿಮಿಷಕ್ಕೊಮ್ಮೆ ಒಂದೇ ದನಿಯಲ್ಲಿ ಹುರಿದುಂಬಿಸಬೇಕು, ಅದೂ ಅಳತೆಯಲ್ಲಿ. ಮುಂದಿನ ಸಲದ ನಡಿಗೆಗೆ ಹೋಲಿಸಬೇಕಲ್ಲ, ನಿಯಮ ಸರಿಯೇ.

ಒಬ್ಬ ಅಜ್ಜ ನಾಲ್ಕನೇ ನಿಮಿಷಕ್ಕೆ ನಿಂತರು. ಬೆಂಚಿನಿಂದ ಎದ್ದು ಬಂದ ಅಜ್ಜಿಯನ್ನು ತಡೆದೆ. "ಐವತ್ತು ವರ್ಷ ಜೊತೇಲೇ ನಡ್ದಿದ್ದೀನಿ, ಈಗ ಬ್ಯಾಡ ಅಂತೀಯಲ್ಲವ್ವಾ" ಎಂದರು. ಅಜ್ಜನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಆಮೇಲೆ ಗೋಡೆ ಬಿಟ್ಟು ಹೊರಟರು. 212 ಮೀಟರ್ ಎಂದು ಬರೆದುಕೊಂಡೆ.