ಹಾಡಿನ ತಟ್ಟೆಗಳು

ಸಂಗ್ರಹವೆಂಬ ವ್ಯಸನವು ಮನುಷ್ಯನಿಗೆ ಯಾವ ಕಾಲದಲ್ಲಿ ಅಂಟಿಕೊಂಡಿತೋ ಹೇಳುವುದು ಕಷ್ಟ. ಅಂಚೆಯ ಚೀಟಿಗಳನ್ನು ಕೂಡಿಸುವವರಿದ್ದಾರೆ. ಹಳೆಯ ನಾಣ್ಯಗಳ ಬೆನ್ನುಹತ್ತಿದವರಿದ್ದಾರೆ. ತಾಳೆಗರಿಯ ಕಟ್ಟುಗಳನ್ನು ಅಟ್ಟದಿಂದ ಇಳಿಸಿ, ಗೆದ್ದಲಿನ ಬಾಯಿಂದ ಬಿಡಿಸಿ ಕಾಪಾಡಿದ ಮಹನೀಯರೂ ನಮ್ಮ ಸೀಮೆಯಲ್ಲಿದ್ದಾರೆ. ಇವರಿಗೆಲ್ಲ ಲೋಕದಲ್ಲಿ ಗೌರವವುಂಟು. ಆದರೆ ಹಾಡಿನ ತಟ್ಟೆಗಳನ್ನು, ಅಂದರೆ ಜನರು ಪ್ಲೇಟು ಎಂದು ಕರೆಯುವ ಆ ಕಪ್ಪು ಬಿಲ್ಲೆಗಳನ್ನು ಅರಸಿಕೊಂಡು ಪುತ್ತೂರು, ಸುಳ್ಯ, ಕಡಬಗಳ ಮನೆಗಳ ಮೆಟ್ಟಿಲು ಹತ್ತುವವನನ್ನು ಕಂಡರೆ ಮಾತ್ರ ಜನರಿಗೆ ನಗು ಬರುತ್ತದೆ. ಹಾಡು ಬೇಕೆಂದರೆ ಅಂಗೈಯ ಫೋನಿನಲ್ಲಿಯೇ ಕೇಳಬಹುದಲ್ಲ, ಈ ಭಾರವನ್ನು ಹೊರುವುದೇಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ ಆಗಿದೆ. ಅದಕ್ಕೆ ನನಗೆ ತೋಚಿದ ಉತ್ತರವನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ನಾನು ಎಲ್ಲ ತಟ್ಟೆಗಳನ್ನೂ ಕೂಡಿಸುವವನಲ್ಲ. ಅಷ್ಟಕ್ಕೆ ಮನೆಯಲ್ಲಿ ಸ್ಥಳವೂ ಇಲ್ಲ, ಮನೆಯವರಿಗೆ ತಾಳ್ಮೆಯೂ ಇಲ್ಲ. ಜರ್ಮನಿಯೊಡನೆ ಏನಾದರೊಂದು ನಂಟುಳ್ಳ ತಟ್ಟೆಗಳನ್ನು ಮಾತ್ರ ಇರಿಸಿಕೊಳ್ಳುವುದೆಂದು ನಿಯಮ ಮಾಡಿಕೊಂಡಿದ್ದೇನೆ. ಜರ್ಮನರು ನಮ್ಮ ಜಿಲ್ಲೆಗೆ ಅಪರಿಚಿತರಲ್ಲ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ತಲೆಯ ಮೇಲಣ ಹೆಂಚಿನಲ್ಲಿಯೂ ಕಪಾಟಿನ ನಿಘಂಟಿನಲ್ಲಿಯೂ ಇದ್ದ ಆ ದೇಶವು ಹಾಡಿನ ಪೆಟ್ಟಿಗೆಯೊಳಗೂ ಇತ್ತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಗ್ರಾಮಫೋನನ್ನು ಕಂಡುಹಿಡಿದ ಎಮಿಲ್ ಬರ್ಲಿನರ್ 1851ರಲ್ಲಿ ಹುಟ್ಟಿದ್ದು ಜರ್ಮನಿಯ ಹಾನೋವರ್ ನಗರದಲ್ಲಿ. ಆತನು ಅಮೆರಿಕಕ್ಕೆ ಹೋಗಿ 1887ರಲ್ಲಿ ತನ್ನ ಯಂತ್ರಕ್ಕೆ ಹಕ್ಕು ಪಡೆದನು. ತಟ್ಟೆಗಳನ್ನು ಒತ್ತುವ ಕಾರ್ಖಾನೆಯು 1898ರಲ್ಲಿ ಆ ಹುಟ್ಟೂರಿನಲ್ಲಿಯೇ ನೆಲೆಗೊಂಡಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮೇಣದ ಮೇಲೆ ಕೊರೆಯಿಸಿಕೊಂಡಾಗ, ಆ ಮೇಣವು ಹಡಗು ಹತ್ತಿ ಹೋದದ್ದು ಹಾನೋವರಿಗೆ. ಹಾಡು ಮುಗಿದೊಡನೆ ಆಕೆಯು ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಭಾಷೆಯರಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಾಗಿದ್ದಿತು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಏಳುವ ತನಕ ನಮ್ಮ ದೇಶದ ಕಂಠವು ಆ ಕಂಪೆನಿಯ ತಟ್ಟೆಗಳಲ್ಲಿ ಹೀಗೆ ಸಮುದ್ರ ದಾಟಿ ಹೋಗಿ, ಗಟ್ಟಿಯಾಗಿ ಮರಳಿ ಬರುತ್ತಿದ್ದಿತು. ಆ ಗಟ್ಟಿತನವಾದರೂ ನಮ್ಮದೇ. ತಟ್ಟೆಯ ಕಲ್ಲುಪುಡಿಯನ್ನು ಬೆಸೆಯುವ ಅರಗು ಹೆಚ್ಚಾಗಿ ಛೋಟಾ ನಾಗಪುರದ ಕಾಡುಗಳಿಂದ ಹೋದುದು. ಗೌಹರ್ ಜಾನಳು ಕಡೆಗೆ ಮೈಸೂರಿನ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ನಮ್ಮ ಕಡೆಯ ಮನೆಗಳಲ್ಲಿ ನನಗೆ ಸಿಕ್ಕುವ ಜರ್ಮನ್ ತಟ್ಟೆಗಳು ಇದಕ್ಕಿಂತ ಈಚಿನವು. 1903ರಲ್ಲಿ ಬರ್ಲಿನಿನಲ್ಲಿ ಹುಟ್ಟಿದ ಒಡಿಯನ್ ಕಂಪೆನಿಯು ಮರುವರ್ಷವೇ ಎರಡೂ ಮಗ್ಗುಲಲ್ಲಿ ಹಾಡುವ ತಟ್ಟೆಯನ್ನು ಮಾರಾಟಕ್ಕೆ ತಂದು ಹೆಸರು ಮಾಡಿತು. 1930ರ ದಶಕದಲ್ಲಿ ಮದರಾಸಿನ ಸರಸ್ವತಿ ಸ್ಟೋರ್ಸ್ ಅದರ ದಕ್ಷಿಣದೇಶದ ಏಜೆಂಟಾಗಿದ್ದಿತು. ಆ ಅಂಗಡಿಯನ್ನು ಕಟ್ಟಿದವರಲ್ಲಿ ಎ. ವಿ. ಮೆಯ್ಯಪ್ಪನ್ ಒಬ್ಬರು, 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ತಯಾರಿಕೆಯಲ್ಲಿ ಕೈಗೂಡಿಸಿದ ಎ. ವಿ. ಎಂ. ಸಂಸ್ಥೆಯೂ ಅವರದೇ. ನಮ್ಮ ಜಿಲ್ಲೆಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಆ ತಟ್ಟೆಗಳು ಸಹಜವಾಗಿ ಇತ್ತ ಬಂದುವು. ನನ್ನಲ್ಲಿರುವ ಕೆಲವು ತಟ್ಟೆಗಳ ಚೀಟಿಯ ಅಂಚಿನಲ್ಲಿ ‘ಮೇಡ್ ಇನ್ ಜರ್ಮನಿ’ ಎಂಬ ಸಣ್ಣ ಅಕ್ಷರಗಳಿವೆ. ನಡುವೆ ಗುಮ್ಮಟವುಳ್ಳ ಒಂದು ನಾಟಕಶಾಲೆಯ ಚಿತ್ರವಿದೆ. ಹಾಡು ಮಾತ್ರ ನಮ್ಮ ದೇವರನಾಮ.

ಅಂಥ ತಟ್ಟೆಯೊಂದು ಹಳ್ಳಿಯ ಮನೆಗೆ ಬರುವುದು ಸುಲಭವಾಗಿರಲಿಲ್ಲ. ಅಡಿಕೆ ಮಾರಿದ ದುಡ್ಡು ಕೈಸೇರಬೇಕು. ಯಜಮಾನನಿಗೆ ಮಂಗಳೂರಿನಲ್ಲಿ ಕೆಲಸವಿರಬೇಕು. ಕೊಂಡುದು ಬಸ್ಸಿನ ಕುಲುಕಾಟದಲ್ಲಿ ಒಡೆಯದೆ ಊರು ಮುಟ್ಟಬೇಕು. ಬಂದ ಮೇಲೆ ಚಾವಡಿಯಲ್ಲಿ ಪೆಟ್ಟಿಗೆಯನ್ನಿರಿಸಿ, ಕೀಲಿ ತಿರುಗಿಸಿ, ಹೊಸ ಮುಳ್ಳು ಸಿಕ್ಕಿಸಿದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಸಂಗೀತ. ಆ ಮೂರು ನಿಮಿಷಕ್ಕಾಗಿ ನೆರೆಕರೆಯವರು ತೋಟ ದಾಟಿ ಬರುತ್ತಿದ್ದರೆಂದು ಹಿರಿಯರು ಹೇಳುವುದನ್ನು ಒಂದಲ್ಲ, ಹಲವು ಮನೆಗಳಲ್ಲಿ ಕೇಳಿದ್ದೇನೆ.

ಅರಗಿನ ಕಾಲ ಕಳೆದು ವಿನೈಲಿನ ಕಾಲ ಬಂದಿತು. 1949ರಲ್ಲಿ ಅಮೆರಿಕದಲ್ಲಿ ಹೊರಟ, ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ತಟ್ಟೆಯು ಹಗುರವಾದುದು. ಬಿದ್ದರೂ ಸುಲಭವಾಗಿ ಒಡೆಯದು. ಒಡಿಯನ್ ಎಂಬ ಬರ್ಲಿನಿನ ಹೆಸರು ಆ ವೇಳೆಗೆ ಇಂಗ್ಲೆಂಡಿನ ದೊಡ್ಡ ಕಂಪೆನಿಯ ಕೈಸೇರಿದ್ದಿತು. ನಮ್ಮ ಸಿನಿಮಾ ಹಾಡುಗಳ ಸಣ್ಣ ತಟ್ಟೆಗಳ ಮೇಲೆಯೂ ಅದು ಬಹುಕಾಲ ಉಳಿಯಿತು. ಬಳಿಕ ಕ್ಯಾಸೆಟ್ಟು ಬಂದಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ವು ಕ್ಯಾಸೆಟ್ಟಾಗಿ ಹೊರಬಂದ ಮೇಲೆ ಕನ್ನಡದ ಮನೆಗಳಲ್ಲಿ ತಟ್ಟೆಗಳು ಮೆಲ್ಲನೆ ಅಟ್ಟ ಸೇರಿದುವು.

ಅದೇ 1978ರಲ್ಲಿ ಜರ್ಮನಿಯಿಂದ ಇನ್ನೊಂದು ಬಗೆಯ ಹಾಡು ಲೋಕವನ್ನೆಲ್ಲ ಸುತ್ತುತ್ತಿದ್ದಿತು. ಬೋನಿ ಎಂ ಎಂಬ ಆ ತಂಡವನ್ನು ಕಟ್ಟಿದವನು ಫ್ರಾಂಕ್ ಫರಿಯಾನ್ ಎಂಬ ಜರ್ಮನನು; ವೇದಿಕೆಯ ಮೇಲೆ ಕಾಣಿಸಿಕೊಂಡ ನಾಲ್ವರಾದರೋ ಜಮೈಕ, ಮಾಂಟ್ಸೆರಾಟ್, ಅರೂಬಾ ಎಂಬ ದ್ವೀಪಗಳವರು. ಬಾಬಿ ಫ್ಯಾರೆಲ್ ಎಂಬವನು ಕುಣಿಯುತ್ತ ತುಟಿಯಾಡಿಸುತ್ತಿದ್ದನು. ಗಂಡುದನಿಯು ತೆರೆಯ ಹಿಂದಿನ ಫರಿಯಾನನದು. ಹಿನ್ನೆಲೆ ಗಾಯನವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಇವರ ತಟ್ಟೆಗಳ ಚೀಟಿಯ ಮೇಲಿರುವ ಹೆಸರು ‘ಹಂಸಾ’. ಸರಸ್ವತಿಯ ವಾಹನಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಉತ್ತರ ಜರ್ಮನಿಯ ಪುರಾತನ ವರ್ತಕಕೂಟದ ಹೆಸರು. ಆ ಕಂಪೆನಿಯೂ ಒಡಿಯನಿನಂತೆ ಬರ್ಲಿನಿನದೇ.

‘ರಿವರ್ಸ್ ಆಫ್ ಬ್ಯಾಬಿಲಾನ್’ ಎಂಬುದು ಅವರ ಹಾಡುಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. 1970ರಲ್ಲಿ ಜಮೈಕದ ಮೆಲೋಡಿಯನ್ಸ್ ಎಂಬ ತಂಡದವರು ಅದನ್ನು ಮೊದಲು ಹಾಡಿದ್ದರು. ಅದರ ಮೂಲವು ಬೈಬಲಿನ 137ನೆಯ ಕೀರ್ತನೆ: ಸೆರೆಯಾಗಿ ಪರದೇಶಕ್ಕೊಯ್ಯಲ್ಪಟ್ಟ ಜನರು ನದಿಯ ದಡದಲ್ಲಿ ಕುಳಿತು ತಮ್ಮೂರನ್ನು ನೆನೆದು ಅಳುವ ಪ್ರಸಂಗ. 1978ರಲ್ಲಿ ಬೋನಿ ಎಂ ತಂಡದ ಆ ತಟ್ಟೆಯು ಇಂಗ್ಲೆಂಡಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿದ್ದಿತು. ಆ ದೇಶವೊಂದರಲ್ಲಿಯೇ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು.

ಈ ತಟ್ಟೆಯ ಒಂದು ಪ್ರತಿಯನ್ನು ನಾನು ಕಂಡದ್ದು ಸುಳ್ಯ ತಾಲೂಕಿನ ಒಂದು ತೋಟದ ಮನೆಯಲ್ಲಿ. ಹಳೆಯ ಮನೆಯನ್ನು ಕೆಡವಿ ಹೊಸತು ಕಟ್ಟುವವರಿದ್ದರು. ಅಟ್ಟದಿಂದಿಳಿದ ಮರದ ಪೆಟ್ಟಿಗೆಯೊಂದನ್ನು ಯಜಮಾನರು ನನ್ನ ಮುಂದಿರಿಸಿ, “ಗುಜರಿಗೆ ಹಾಕುವ ಮೊದಲು ನೀವೊಮ್ಮೆ ನೋಡಿ” ಎಂದರು. ಪೆಟ್ಟಿಗೆಯ ತಳದಲ್ಲಿ ಅಜ್ಜನ ಕಾಲದ ಒಡಿಯನ್ ಹರಿಕಥೆಯ ತಟ್ಟೆಗಳು. ಅವುಗಳ ಮೇಲೆ ತಂದೆಯ ಕಾಲದ ಸಿನಿಮಾ ಹಾಡುಗಳು. ಎಲ್ಲಕ್ಕೂ ಮೇಲೆ ಹಂಸಾ ಚೀಟಿಯ ಈ ಒಂದು ತಟ್ಟೆ. ಮೂರು ತಲೆಮಾರಿನವರು ಒಂದರ ಮೇಲೊಂದಾಗಿ ಮಲಗಿದ್ದಂತಿದ್ದಿತು. ಯಜಮಾನರ ತಮ್ಮನು ಕೊಲ್ಲಿಯ ದೇಶದಲ್ಲಿ ಕೆಲಸಕ್ಕಿದ್ದು, 1979ರಲ್ಲಿ ರಜೆಯಲ್ಲಿ ಬಂದಾಗ ಯಂತ್ರವನ್ನೂ ಇದನ್ನೂ ತಂದಿದ್ದನಂತೆ. ನನ್ನ ಸಾಲಿನಲ್ಲಿ ಕೊರತೆಯಾಗಿದ್ದುದು ಇದೇ ತಟ್ಟೆ.

ಬಾಗಿಲ ಬಳಿ ಕುಳಿತಿದ್ದ ಅವರ ತಾಯಿಯವರು, ಎಂಬತ್ತು ದಾಟಿದವರು, ಕೈಚಾಚಿ ಅದನ್ನು ತೆಗೆದುಕೊಂಡು, “ಇದೊಂದು ಇಲ್ಲಿಯೇ ಇರಲಿ. ಬಾಕಿ ಎಲ್ಲ ನೀವು ಕೊಂಡುಹೋಗಿ” ಎಂದರು.

“ಮಿಷನು ಹಾಳಾಗಿ ಎಷ್ಟು ವರ್ಷವಾಯಿತು ಅಮ್ಮ? ಇನ್ನು ಅದನ್ನು ಕೇಳುವುದು ಹೇಗೆ?” ಎಂದು ಮಗನು ನಕ್ಕರು.

“ಕೇಳಲಿಕ್ಕೆ ಅಲ್ಲ. ಅವನ ಅಕ್ಷರ ಉಂಟಲ್ಲ ಇದರಲ್ಲಿ” ಎಂದರು ಆಕೆ.

ಲಕೋಟೆಯ ಹಿಂಬದಿಯಲ್ಲಿ ನೀಲಿ ಶಾಯಿಯಿಂದ ಮನೆಯ ಹೆಸರೂ ಒಂದು ತಾರೀಕೂ ಕನ್ನಡದಲ್ಲಿ ಬರೆಯಲ್ಪಟ್ಟಿದ್ದುವು. ಆ ಮಗನು ದೂರದೇಶದಲ್ಲಿಯೇ ನೆಲೆನಿಂತು, ಊರಿಗೆ ಬರುವುದು ಅಪರೂಪವಾಗಿದ್ದಿತು. ತಾನು ತಾಯಿಗೆ ತಂದುಕೊಟ್ಟ ಹಾಡು ಪರದೇಶದಲ್ಲಿ ಕುಳಿತು ಊರನ್ನು ನೆನೆಯುವವರದೆಂಬುದು ಆತನಿಗೆ ತಿಳಿದಿದ್ದಿತೋ ಇಲ್ಲವೋ. ಇಂಗ್ಲಿಷ್ ಅರಿಯದ ಆ ತಾಯಿಗಂತೂ ತಿಳಿಯುವ ಅವಶ್ಯವಿರಲಿಲ್ಲ. ನಾನು ಚೀಟಿಯ ಅಂಕೆಯನ್ನೂ, ಚೀಟಿಯ ಸುತ್ತಣ ನುಣುಪು ಭಾಗದಲ್ಲಿ ಕೊರೆದ ಗುರುತನ್ನೂ, ಲಕೋಟೆಯ ಬರಹವನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡು, ತಟ್ಟೆಯನ್ನು ಅವರ ಮಡಿಲಲ್ಲಿಯೇ ಬಿಟ್ಟು ಬಂದೆನು. ನನ್ನ ಸಾಲಿನ ಕೊರತೆಯನ್ನು ಮುಂದೆ ಬೇರೊಂದು ಪ್ರತಿಯಿಂದ ಸ್ವಲ್ಪ ಹಣಕ್ಕೇ ತುಂಬಿಕೊಂಡೆನು.

ಈ ಪ್ರಸಂಗವು ನನ್ನ ವ್ಯಸನದ ಲೆಕ್ಕವನ್ನೇ ತಿರುಗಿಸಿತು. ಸಂಗ್ರಹಕಾರರ ಪೇಟೆಯಲ್ಲಿ ಬೆಲೆಗೆ ಎರಡೇ ಆಧಾರ: ತಟ್ಟೆಯು ವಿರಳವಾಗಿರಬೇಕು, ಮತ್ತು ಯಾರೂ ನುಡಿಸದಂತೆ ಹೊಸದಾಗಿರಬೇಕು. ಆ ಲೆಕ್ಕದಲ್ಲಿ ಅಜ್ಜನ ಹರಿಕಥೆಯೇ ನಿಧಿ. ಲಕ್ಷಗಟ್ಟಲೆ ಒತ್ತಲ್ಪಟ್ಟ ಬೋನಿ ಎಂ ತಟ್ಟೆಗೆ ಕ್ರಯವಿಲ್ಲ, ಮೇಲೆ ಬರೆದು ಕೆಡಿಸಿದುದಕ್ಕಂತೂ ಇಲ್ಲವೇ ಇಲ್ಲ. ಮನೆಯ ಲೆಕ್ಕವೇ ಬೇರೆ. ಯಾರ ಕೈಯಿಂದ ಬಂದಿತು, ಎಷ್ಟು ಸಲ ತಿರುಗಿತು, ಯಾರು ಜೊತೆಗೂಡಿ ಗುನುಗಿದರು ಎಂಬುದೇ ಅಲ್ಲಿ ಬೆಲೆ. ಒಂದೇ ಹಾಡಿನ ಮೇಲೆ ಮುಳ್ಳು ಸವೆದು ಸವೆದು ಗೀರು ಬಿದ್ದಿದ್ದರೆ, ಪೇಟೆಯವನು ಅದನ್ನು ದೋಷವೆನ್ನುತ್ತಾನೆ. ಆ ಹಾಡು ಆ ಮನೆಗೆ ಪ್ರಿಯವಾಗಿತ್ತೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷ್ಯವುಂಟೆ? ಫೋನಿನಲ್ಲಿ ಹಾಡು ಸಿಕ್ಕುತ್ತದೆ, ಕೇಳಿದವರು ಸಿಕ್ಕುವುದಿಲ್ಲ. ಮೊದಲು ಹೇಳಿದ ಪ್ರಶ್ನೆಗೆ ನನ್ನ ಉತ್ತರವಿಷ್ಟೇ.

ಆದುದರಿಂದ ಈಗ ನಾನು ಎರಡು ಪುಸ್ತಕಗಳನ್ನು ಇಟ್ಟಿದ್ದೇನೆ: ಒಂದರಲ್ಲಿ ತಟ್ಟೆಯ ವಿವರ, ಇನ್ನೊಂದರಲ್ಲಿ ಮನೆಯ ವಿವರ. ಎರಡನೆಯದನ್ನು ಬರೆಯದೆ ಯಾವ ತಟ್ಟೆಯನ್ನೂ ಹೊಸ್ತಿಲು ದಾಟಿಸುವುದಿಲ್ಲ. ಕೊಡಲು ಮನಸ್ಸಿಲ್ಲದವರನ್ನು ಒತ್ತಾಯಿಸುವುದೂ ಇಲ್ಲ. ಹಾಡನ್ನು ಪ್ರತಿಮಾಡಿಕೊಂಡು ತಟ್ಟೆಯನ್ನು ಅವರಲ್ಲಿಯೇ ಬಿಡಬಹುದಷ್ಟೆ.

ವಾಚಕರಲ್ಲಿ ಹಲವರ ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆಗಳಿರಬಹುದು. ಅವರಿಗೆ ಕೆಲವು ಮಾತುಗಳು. ನಮ್ಮ ಮಳೆಗಾಲದ ತೇವವು ತಟ್ಟೆಗೆ ದೊಡ್ಡ ಶತ್ರು. ಬೂಷ್ಟು ಹಿಡಿದ ಲಕೋಟೆಯಿಂದ ತಟ್ಟೆಯನ್ನು ಬೇರ್ಪಡಿಸಿರಿ, ಆದರೆ ಬರಹವಿರುವ ಲಕೋಟೆಯನ್ನು ಎಸೆಯದಿರಿ. ಒಂದರ ಮೇಲೊಂದು ಪೇರಿಸಿಡದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲಿಗೂ ಒಲೆಯ ಕಾವಿಗೂ ದೂರವಿರಲಿ, ವಿನೈಲು ಬಾಗಿಹೋಗುತ್ತದೆ. ಅರಗಿನ ಹಳೆಯ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರಸಬಾರದು. ಅರಗು ಅದರಲ್ಲಿ ಕರಗುವುದರಿಂದ ಹಾಡೇ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು, ಇದನ್ನು ತಂದವರಾರು, ಎಂದು ತಂದರು, ಯಾರಿಗೆ ಮೆಚ್ಚಾಗಿತ್ತು ಎಂದು ಕೇಳಿ, ಒಂದು ಕಾಗದದಲ್ಲಿ ಬರೆದು ಒಳಗಿಡಿರಿ. ಬಳಿಕ ತಟ್ಟೆಗಳನ್ನು ಇಟ್ಟುಕೊಳ್ಳುವುದೋ ಕೊಡುವುದೋ ನಿಮ್ಮ ಇಷ್ಟ. ಆ ಕಾಗದವು ಮಾತ್ರ ಅವುಗಳ ಜೊತೆಗೇ ಹೋಗಲಿ.