ದುಡ್ಡು ಬ್ಯಾಡ ಕನಪ್ಪ, ಮಣ್ ಕಲ್ಸಕ್ ಬಾ

ನಮ್ಮ ಮಂಡ್ಯ ಸೀಮೆಯ ಕುಸ್ತಿ ಪಂದ್ಯದ ಹ್ಯಾಂಡ್‌ಬಿಲ್ ಯಾವಾಗಾದರೂ ನಿಂತು ಓದಿದ್ದೀರಾ? ಬಸ್‌ಸ್ಟ್ಯಾಂಡಿನ ಕಂಬಕ್ಕೆ, ಕಟಿಂಗ್ ಶಾಪಿನ ಗೋಡೆಗೆ ಅಂಟಿಸಿರ್ತಾರಲ್ಲ, ಅದೇ. ಅದರಲ್ಲಿ ಯಾವ ಹುಡುಗನ ಹೆಸರೂ ಒಂಟಿಯಾಗಿರಲ್ಲ. ಮೊದಲು ‘ಪೈ.’ ಅಂತಿರುತ್ತೆ, ಅಂದ್ರೆ ಪೈಲ್ವಾನ್. ಆಮೇಲೆ ಹೆಸರು, ಇಂಥ ಉಸ್ತಾದರ ಶಿಷ್ಯ, ಇಂಥ ಊರಿನ ಗರಡಿ. ಎದುರಿಗೆ ಜೋಡಿ ಕಟ್ಟಿದವನಿಗೂ ಅಷ್ಟೇ ಉದ್ದದ ಬಾಲ. ಒಬ್ಬ ಶ್ರೀರಂಗಪಟ್ಟಣದವನು, ಇನ್ನೊಬ್ಬ ನಾಗಮಂಗಲದವನು. ಕೆ.ಆರ್.ಪೇಟೆ ಹುಡುಗ ಚಿತ್ ಆದರೆ ಅವತ್ತು ಸಪ್ಪೆ ಮುಖ ಹಾಕ್ಕೊಂಡು ಟೆಂಪೋ ಹತ್ತೋದು ಅವನೊಬ್ಬನೇ ಅಲ್ಲ, ಜೊತೆಗೆ ಬಂದ ಇಪ್ಪತ್ತು ಜನ.

ನಮ್ಮೂರು ಪಾಂಡವಪುರ ತಾಲ್ಲೂಕು. ಊರ ಗರಡಿಯನ್ನ ಕೆಡವಿ ಅಲ್ಲಿ ಐದು ಅಂಗಡಿ ಮಳಿಗೆ ಕಟ್ಟೋಣ ಅನ್ನೋ ಮಾತು ವಾಟ್ಸಾಪ್ ಗ್ರೂಪಿಗೆ ಬಂತು. ಕಾರಣವೇನೂ ಕೆಟ್ಟದ್ದಲ್ಲ. ಬಾಡಿಗೆ ಬರುತ್ತೆ, ದೇವಸ್ಥಾನದ ಖರ್ಚಿಗಾಗುತ್ತೆ, ನಾಲ್ಕು ಹುಡುಗರಿಗೆ ಊರಲ್ಲೇ ದುಡಿಮೆ ಆಗುತ್ತೆ. ಗರಡಿಯ ಹೆಂಚು ಒಡೆದಿದೆ. ಮಟ್ಟಿಯ ಮಣ್ಣು ಕಲ್ಲಾಗಿದೆ. ಬೆಳಿಗ್ಗೆ ಸಾಮು ಮಾಡೋಕೆ ಬರೋರು ಆರೋ ಏಳೋ ಜನ. ಉಳಿದವರು ಬೆಂಗಳೂರಲ್ಲಿ ಡೆಲಿವರಿ ಬ್ಯಾಗು ಹೊತ್ತಿದ್ದಾರೆ, ಇಲ್ಲಾ ನನ್ನ ಹಾಗೆ ಕೀಬೋರ್ಡ್ ಕುಟ್ಟುತ್ತಿದ್ದಾರೆ.

ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರೇ ಜಟ್ಟಿ ಅನ್ನಿಸಿಕೊಂಡಿದ್ದವರು. 1610ರಲ್ಲಿ ಅದೇ ಪಟ್ಟಣದಲ್ಲಿ ಶುರುವಾದ ದಸರಾ ಮೈಸೂರಿಗೆ ಹೋದಾಗ ಕುಸ್ತಿಯೂ ಜೊತೆಗೆ ಹೋಯಿತು. ಈಗ ಅದು ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತೆ. ಆದರೆ ರಾಜರ ಕತೆ ಹೇಳಿ ಮಳಿಗೆ ನಿಲ್ಲಿಸೋಕಾಗಲ್ಲ. ನಮ್ಮೂರಿಗೆ ಯಾವ ರಾಜನೂ ಬಂದಿರಲಿಲ್ಲ. ನಮ್ಮೂರ ಗರಡಿ ಕಟ್ಟಿದ್ದು ಮುಯ್ಯಾಳುಗಳು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನೋ ಲೆಕ್ಕದಲ್ಲೇ ಗೋಡೆಯೂ ಎದ್ದಿತ್ತು.

ಈ ಲೆಕ್ಕವನ್ನ ನಾನು ಮತ್ತೆ ನೋಡಿದ್ದು, ನಂಬ್ತೀರೋ ಇಲ್ವೋ, ಐರ್ಲೆಂಡಿನಲ್ಲಿ. ಆಫೀಸ್ ಕೆಲಸದ ಮೇಲೆ ಆರು ತಿಂಗಳು ಅಲ್ಲಿದ್ದೆ. ಟೀಮಿನಲ್ಲೊಬ್ಬ ಟಿಪ್ಪೆರರಿ ಕಡೆಯ ಹಳ್ಳಿ ಹುಡುಗ, ಹರ್ಲಿಂಗ್ ಆಡೋನು. ಬೂದಿಮರದ ಕೋಲು ಹಿಡಿದು ಚೆಂಡನ್ನ ಗಾಳಿಯಲ್ಲೇ ಬಡಿಯೋ ಆಟ, ನೋಡಿದರೆ ಎದೆ ಝಲ್ ಅನ್ನುತ್ತೆ. ಈ ಆಟಗಳಿಗಾಗಿ 1884ರಲ್ಲಿ ಟಿಪ್ಪೆರರಿಯ ಥರ್ಲ್ಸ್ ಊರಲ್ಲೇ ಒಂದು ಸಂಘ ಹುಟ್ಟಿತು. ಇವತ್ತಿಗೂ ಆಟಗಾರರಿಗೆ ಸಂಬಳ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಫೈನಲ್ ಆಡಿದವನು ಆಮೇಲೆ ಪಾಠ ಮಾಡೋಕೋ ಹಸು ಕರೆಯೋಕೋ ಹೋಗ್ತಾನೆ. ಹುಟ್ಟಿದ ಚರ್ಚ್ ಸೀಮೆಯ ಕ್ಲಬ್ಬಿಗೇ ಆಡಬೇಕು ಅನ್ನೋದು ರೂಢಿ. ಇವನ ಕ್ಲಬ್ಬಿನಲ್ಲಿ ಮೈದಾನಕ್ಕೆ ಗೆರೆ ಹಾಕೋನು ಪೋಸ್ಟ್‌ಮನ್, ಜರ್ಸಿ ಒಗೆಯೋದು ಯಾರದೋ ಅಮ್ಮ. ‘ಹೊಲದ ಕೆಲಸಕ್ಕೂ ನಾವು ಹೀಗೇ ಸೇರ್ತಿದ್ವಿ, ಅದಕ್ಕೆ ಮೆಹಲ್ ಅಂತಾರೆ’ ಅಂದ. ಮುಯ್ಯಾಳು ಅಂತ ನಮ್ಮಲ್ಲೂ ಇದೆ ಮಾರಾಯ ಅಂದೆ. ಅವನಿಗೆ ‘ಯ್ಯಾ’ ಹೇಳಿಸೋಷ್ಟರಲ್ಲಿ ಊಟದ ಟೈಮ್ ಮುಗಿದಿತ್ತು.

ಮಳಿಗೆ ಸುದ್ದಿ ಬಂದಾಗ ಊರಿನ ಐದು ಜನ ಇಂಜಿನಿಯರ್‌ಗಳು ಸೇರಿ ಹೆಂಚಿಗೆ, ಗೋಡೆಗೆ ಆಗೋಷ್ಟು ದುಡ್ಡು ಒಟ್ಟು ಮಾಡಿದೆವು. ಉಸ್ತಾದ್ ಮಾವನಿಗೆ ಹೇಳಿದ್ದಕ್ಕೆ ವಾಯ್ಸ್ ಮೆಸೇಜು ಬಂತು: “ಹಂಚು ಹಾಕ್ಸೀರಿ, ಸರಿ. ಮಟ್ಟಿಗಿಳಿಯೋರ್ ಯಾರ್ಲಾ? ದುಡ್ಡು ಬ್ಯಾಡ ಕನಪ್ಪ, ಭಾನ್ವಾರ ಮಣ್ ಕಲ್ಸಕ್ ಬಾ.”

ಮಣ್ಣು ಕಲಸೋದು ಅಂದ್ರೆ ಅಷ್ಟು ಸುಲಭ ಅಂದ್ಕೋಬೇಡಿ. ಹಳೇ ಮಣ್ಣು ಅಗೆದು, ಹೆಂಟೆ ಒಡೆದು, ಹೊಸ ಕೆಮ್ಮಣ್ಣು ಜರಡಿ ಹಿಡಿಯಬೇಕು. ಒಂದು ಹರಳು ಉಳಿದರೂ ಯಾರದೋ ಬೆನ್ನು ಕೀಳುತ್ತೆ. ಆಮೇಲೆ ಮಜ್ಜಿಗೆ, ಎಳ್ಳೆಣ್ಣೆ, ನಿಂಬೆರಸ, ಅರಿಶಿನ, ಕರ್ಪೂರ. ಎಷ್ಟೆಷ್ಟು ಅನ್ನೋದು ಉಸ್ತಾದರ ಕೈಯಲ್ಲಿದೆ, ಯಾವ ಡಾಕ್ಯುಮೆಂಟಿನಲ್ಲೂ ಇಲ್ಲ. ಕಲಸಿ, ತುಳಿದು, ಹದ ನೋಡಿ, ಮತ್ತೆ ತುಳಿದು. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಬಂದಿದ್ದವರು ಹನ್ನೊಂದು ಜನ. ಅದರಲ್ಲಿ ಕೇರಿಯ ಹುಡುಗರು ಮೂರು. ಅವರ ತಾತಂದಿರಿಗೆ ಇದೇ ಗರಡಿಯ ಹೊಸಿಲು ದಾಟೋಕೆ ಬಿಡ್ತಿರಲಿಲ್ಲ. ಮೈಗೆ ಮಣ್ಣು ಮೆತ್ತಿದ ಮೇಲೆ ಜಾತಿ ಕಾಣಲ್ಲ ಅಂತ ಭಾಷಣದಲ್ಲಿ ಹೇಳ್ತಾರೆ, ಮಣ್ಣಿನವರೆಗೆ ಬರೋಕೆ ಬಿಟ್ಟರೆ ತಾನೇ? ನಮ್ಮೂರಲ್ಲಿ ಬಿಡಿಸಿದ್ದು ಈ ಉಸ್ತಾದ್ ಮಾವ. ಅದಕ್ಕೇ ಅವರು ಬಾ ಅಂದರೆ ನಾನು ಬಸ್ಸು ಹತ್ತೋದು.

ಅವತ್ತು ಅಣ್ಣನ ಮಗಳೂ ಬಂದಿದ್ದಳು. ಎಂಟನೇ ಕ್ಲಾಸು, ಸ್ಕೂಲಿನಲ್ಲಿ ಮ್ಯಾಟ್ ಮೇಲೆ ಕುಸ್ತಿ ಆಡ್ತಾಳೆ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ, ಐರ್ಲೆಂಡಿನ ಹೆಣ್ಣುಮಕ್ಕಳು 1904ರಲ್ಲೇ ಕಮೋಗಿ ಅಂತ ತಮ್ಮದೇ ಸಂಘ ಕಟ್ಟಿಕೊಂಡರು. ನಮ್ಮೂರ ಗರಡಿಯೊಳಗೆ ಮಾತ್ರ ಇವತ್ತಿನವರೆಗೂ ಒಬ್ಬ ಹುಡುಗಿ ಕಾಲಿಟ್ಟಿಲ್ಲ.

“ತಾತ, ಮಣ್ಣು ಹದಕ್ಕೆ ಬಂದ್ಮೇಲೆ ನಾನೂ ಇಳೀಬೋದಾ?”

ಉಸ್ತಾದ್ ಮಾವ ಆಂಜನೇಯನ ಫೋಟೋ ಕಡೆ ನೋಡಿದರು. ಆಮೇಲೆ ಜರಡಿ ಅವಳ ಕೈಗೆ ಕೊಟ್ಟು, “ಮದ್ಲು ಇದ್ ಹಿಡಿ ಮಗಾ” ಅಂದರು. ಅವಳು ಬಾಗಿಲಾಚೆ ಕೂತು ಸಂಜೆವರೆಗೂ ಜರಡಿ ಹಿಡಿದಳು.

ಮಳಿಗೆಯ ತೀರ್ಮಾನ ಯುಗಾದಿ ಕಳೆದ ಮೇಲೆ ಊರ ಸಭೆಯಲ್ಲಿ. ಗೊಬ್ಬರದ ಅಂಗಡಿ ಇಡೋಕೆ ಮೊದಲನೇ ಮಳಿಗೆ ತನಗೇ ಬೇಕು ಅಂತ ಹೆಸರು ಬರೆಸಿರೋನು ನಮ್ಮಣ್ಣ.