ಶಿಗ್ಗಾಂವಿಯ ಮಾಸ್ತರರಿಗೆ, ಇಯರ್‌ಫೋನ್ ವಿಷಯ

ಹಾನಗಲ್ಲ

ಪ್ರಿಯ ಮಾಸ್ತರರಿಗೆ,

ನಿಮ್ಮ ಕಾಗದ ಮುಟ್ಟಿತು. ನಿವೃತ್ತಿಯ ನಂತರ ದಿನದ ಅರ್ಧ ಹೊತ್ತು ಹಾಡು ಕೇಳುವುದರಲ್ಲೇ ಕಳೆಯುತ್ತಿದ್ದೀರಿ ಎಂದು ಓದಿ ಹೊಟ್ಟೆಕಿಚ್ಚಾಯಿತು. ಬೆಂಗಳೂರಿನ ಮಗ ಲಕ್ಷ ರೂಪಾಯಿಯ ಇಯರ್‌ಫೋನ್ ಕೊಡಿಸುತ್ತೇನೆಂದು ಹಟ ಹಿಡಿದಿದ್ದಾನೆ, ಅಷ್ಟು ದುಡ್ಡಿನ ದನಿ ಅದರಲ್ಲಿ ಇರುತ್ತದೆಯೇ ಎಂದು ಕೇಳಿದ್ದೀರಿ. ಇರುತ್ತದೆ. ಆದರೆ ಎಲ್ಲ ಹಾಡಿಗೂ ಇರುವುದಿಲ್ಲ, ಎಲ್ಲರ ಕಿವಿಗೂ ದಕ್ಕುವುದಿಲ್ಲ. ನೀವು ಏನನ್ನು ಕೇಳುತ್ತೀರಿ ಎಂಬುದು ನನಗೆ ಗೊತ್ತು: ಗಂಗೂಬಾಯಿ ಹಾನಗಲ್, ಭೀಮಸೇನರು, ಪುಟ್ಟರಾಜ ಗವಾಯಿಗಳು, ಮತ್ತೆ ಶಿಶುವಿನಹಾಳದ ಶರೀಫರ ಪದಗಳು. ಹಾಗಾಗಿ ಲೋಕಾಭಿರಾಮದ ಉತ್ತರ ಕೊಡದೆ ಇವರ ದನಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಿರೇಕೆರೂರಿನ ನನ್ನ ತಂಗಿಯ ಮಗನಿಗೆ ಇದರ ಹುಚ್ಚು ನಿಮಗಿಂತ ಜಾಸ್ತಿ. ಕಳೆದ ದೀಪಾವಳಿಗೆ ಊರಿಗೆ ಬಂದವನು ಹೋರಿ ಹಬ್ಬ ನೋಡುವುದು ಬಿಟ್ಟು, ಡಬ್ಬಿಯಲ್ಲಿ ತಂದ ಇಯರ್‌ಫೋನುಗಳನ್ನು ಒಂದೊಂದಾಗಿ ನನ್ನ ಕಿವಿಗೆ ಹಾಕಿದ. ಅವನಲ್ಲಿದ್ದವುಗಳ ಹೆಸರು ಹೇಳಿ ಹೊಗಳುವುದಾಗಲಿ ತೆಗಳುವುದಾಗಲಿ ನನಗೆ ಬೇಡ. ಅವುಗಳ ಜಾತಿ ಹೇಳಿದರೆ ಸಾಕು.

ಒಂದು ಜಾತಿ ಡೈನಾಮಿಕ್ ಡ್ರೈವರಿನದು. ಧ್ವನಿವರ್ಧಕದಲ್ಲಿ ಇರುವಂಥದೇ ಪರದೆ, ಸುರುಳಿ, ಅಯಸ್ಕಾಂತ, ಕಿವಿಯ ಅಳತೆಗೆ ಇಳಿಸಿದ್ದು. ಇನ್ನೊಂದು ಬ್ಯಾಲೆನ್ಸ್ಡ್ ಆರ್ಮೇಚರಿನದು. ಇದು ಮೂಲದಲ್ಲಿ ಸಂಗೀತಕ್ಕೆ ಹುಟ್ಟಿದ್ದಲ್ಲ. ಕಿವಿ ಮಂದವಾದವರು ಹಾಕಿಕೊಳ್ಳುವ ಶ್ರವಣ ಯಂತ್ರದೊಳಗಿನ ಪುಟ್ಟ ಭಾಗ ಇದು. 1991ರಲ್ಲಿ ಅಮೆರಿಕದ ಎಟಿಮೋಟಿಕ್ ಕಂಪನಿ ಇದನ್ನೇ ಬಳಸಿ ಇಆರ್-4 ಎಂಬ ಇಯರ್‌ಫೋನ್ ಹೊರತಂದಿತು. ಅದರ ಹಿಂದಿದ್ದ ಮೀಡ್ ಕಿಲಿಯನ್ ಶ್ರವಣ ಯಂತ್ರಗಳ ಎಂಜಿನಿಯರ್. 1995ರ ಸುಮಾರಿಗೆ ಜೆರ್ರಿ ಹಾರ್ವಿ ಎಂಬಾತ ವೇದಿಕೆಯ ಗದ್ದಲದಲ್ಲಿ ಡ್ರಮ್ ಬಾರಿಸುತ್ತಿದ್ದ ಅಲೆಕ್ಸ್ ವಾನ್ ಹೇಲನ್ ಅವರಿಗಾಗಿ ಕಿವಿಯ ಅಚ್ಚಿಗೆ ಸರಿಯಾದ ಜೋಡಿ ಮಾಡಿಕೊಟ್ಟ. ಇವತ್ತಿನ ದುಬಾರಿ ಮಾಲಿನ ವಂಶಾವಳಿ ಇಷ್ಟೇ: ಒಂದು ಕಡೆ ಕಿವುಡಿನ ಚಿಕಿತ್ಸೆ, ಇನ್ನೊಂದು ಕಡೆ ಕಿವುಡಾಗದಿರಲು ಹೆಣಗಿದ ವಾದ್ಯಗಾರರು.

ಇವೆರಡರಲ್ಲಿ ಯಾವ ಜಾತಿ ಮೇಲು ಎಂಬುದರಲ್ಲಿ ದೊಡ್ಡ ಕಂಪನಿಗಳಿಗೇ ಒಮ್ಮತವಿಲ್ಲ ನೋಡಿ. 2013ರಲ್ಲಿ ಶ್ಯೂರ್ ಕಂಪನಿಯ ಎಸ್‌ಇ846 ಬಂತು. ಒಂದೊಂದು ಕಿವಿಗೆ ನಾಲ್ಕು ಆರ್ಮೇಚರ್, ಆಗಿನ ಬೆಲೆ ಸಾವಿರ ಡಾಲರ್ ಹತ್ತಿರ. 2021ರಲ್ಲಿ ಸೆನ್‌ಹೈಸರ್ ತನ್ನ ಐಇ 900ರಲ್ಲಿ ಇಟ್ಟಿದ್ದು 7 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್, ಆಗಿನ ಬೆಲೆ 1,300 ಡಾಲರ್. ನಾಲ್ಕು ಇದ್ದರೆ ಹೆಚ್ಚು, ಒಂದಿದ್ದರೆ ಕಡಿಮೆ ಎಂಬ ಲೆಕ್ಕ ಅಲ್ಲಿಗೇ ಮುಗಿಯಿತು. ಐಇ 900ರ ಕಾಗದದ ಮೇಲೆ 48,000 ಹರ್ಟ್ಸ್‌ವರೆಗೆ ದನಿ ಕೊಡುತ್ತದೆಂದು ಬರೆದಿದೆ. ಎಳೆಯ ಮಕ್ಕಳ ಕಿವಿಗೂ ಸುಮಾರು 20,000ದಿಂದ ಆಚೆ ಕೇಳುವುದಿಲ್ಲ. ನಮ್ಮ ವಯಸ್ಸಿಗೆ 12,000 ದಾಟಿ ಕೇಳಿಸಿದರೆ ಊರಿಗೆ ಸಕ್ಕರೆ ಹಂಚಬಹುದು.

ಈಗ ಗಂಗೂಬಾಯಿಯವರ ವಿಷಯಕ್ಕೆ ಬರೋಣ, ನನಗೆ ಬೇಕಾದದ್ದೂ ಅದೇ. ಹೆಸರಿನಲ್ಲಿ ನಮ್ಮೂರು, ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಅವರಿಗೆ ಮೊದಲು ಹಿಂದುಸ್ತಾನಿ ಪಾಠ ಹೇಳಿದ ಕೃಷ್ಣಾಚಾರ್ಯ ಹುಲಗೂರರ ಅಡ್ಡಹೆಸರಿನ ಹುಲಗೂರು ನಿಮ್ಮ ತಾಲೂಕಿನಲ್ಲೇ ಇದೆ. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರು. 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ಗಾಂಧಾರಿ ಹಾನಗಲ್. ಆ ತಟ್ಟೆಗಳಲ್ಲಿ ಇರುವುದು ಎಳೆಯ, ತೆಳುವಾದ, ಮೇಲೇರಿ ನಿಲ್ಲುವ ಹೆಣ್ಣುದನಿ. ನಂತರ ಗಂಟಲಿನ ತೊಂದರೆಗೆ ಚಿಕಿತ್ಸೆ ಆಯಿತು, ದನಿ ಇಳಿಯಿತು, ನಾವೆಲ್ಲ ಬಲ್ಲ ಆ ಗಂಡುದನಿ ಬಂತು. ಒಬ್ಬರೇ ಗಾಯಕಿ, ಎರಡು ದನಿ. ಇಯರ್‌ಫೋನ್ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತೋಚಿಲ್ಲ.

ಹಳೆಯ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು ಹಾಡು. ಆ ಕಾಲದ ಮೈಕು ಮತ್ತು ಕೊರೆಯುವ ಸೂಜಿ ಹಿಡಿದದ್ದು ಸುಮಾರು ಐದಾರು ಸಾವಿರ ಹರ್ಟ್ಸ್‌ವರೆಗೆ. ಅದರಾಚೆ ಇರುವುದೆಲ್ಲ ಅರಗಿನ ತಟ್ಟೆಯ ಚರಚರ ಮಾತ್ರ. ಈಗಿನ ಬಹಳಷ್ಟು ದುಬಾರಿ ಇಯರ್‌ಫೋನುಗಳನ್ನು ಶ್ರುತಿ ಮಾಡಿರುವುದೇ ಮೇಲಿನ ಆ ಭಾಗ ಹೊಳೆಯುವ ಹಾಗೆ. ಗಾಂಧಾರಿ ಹಾನಗಲ್ ಹಾಡಿಗೆ ಅದನ್ನು ಹಾಕಿಕೊಂಡರೆ ಹಾಡು ಹಿಂದೆ, ಚರಚರ ಮುಂದೆ. ನನ್ನ ಅಳಿಯನ ಡಬ್ಬಿಯಲ್ಲಿ ಎಲ್ಲಕ್ಕಿಂತ ಅಗ್ಗದ ಒಂದು ಜೋಡಿ ಇತ್ತು, ಎರಡು ಸಾವಿರದೊಳಗಿನದು. ಈ ತಟ್ಟೆಗಳ ಮಟ್ಟಿಗೆ ಅದೇ ಗೆದ್ದಿತು. ಮೇಲಿನ ಸದ್ದು ಅದರಲ್ಲಿ ಸಹಜವಾಗಿಯೇ ಮಂಕು. ಅವನ ಮುಖ ನೀವು ನೋಡಬೇಕಿತ್ತು.

ಆದರೆ ನಡುವಯಸ್ಸಿನ ಗಂಗೂಬಾಯಿ, ಪಕ್ಕದಲ್ಲಿ ಮಗಳು ಕೃಷ್ಣಾ ದನಿಗೂಡಿಸುತ್ತಿರುವ ಮುದ್ರಣ ಹಾಕಿದಾಗ ಕತೆ ಬೇರೆಯಾಯಿತು. ಅಗ್ಗದ್ದರಲ್ಲಿ ತಾಯಿ, ಮಗಳು ಇಬ್ಬರೂ ಒಂದೇ ಕಡೆಯಿಂದ ಹಾಡಿದ ಹಾಗೆ ಕೇಳಿತು. ಆರ್ಮೇಚರಿನದರಲ್ಲಿ ಮಗಳು ಯಾವಾಗ ಉಸಿರು ತೆಗೆದುಕೊಂಡಳು, ತಾಯಿ ಬಿಟ್ಟ ಸ್ವರವನ್ನು ಎಲ್ಲಿ ಹಿಡಿದಳು ಎಂಬುದೆಲ್ಲ ಬಿಡಿಬಿಡಿಯಾಗಿ ತಿಳಿಯಿತು. ಒಂದೇ ಡೈನಾಮಿಕ್ ಇದ್ದ ದುಬಾರಿ ಜೋಡಿಯಲ್ಲಿ ಅಷ್ಟು ಬಿಡಿಸಿ ಕೇಳಲಿಲ್ಲ, ಆದರೆ ತಾಯಿಯ ದನಿಗೆ ಎದೆ ಇತ್ತು. ಮಂದ್ರದಲ್ಲಿ ಅವರು ನಿಂತಾಗ ದನಿಗೆ ಒಂದು ಭಾರ ಬರುತ್ತದಲ್ಲ, ಅದು. ನನಗೆ ಇದೇ ಬೇಕು. ವಿವರ ಕಡಿಮೆಯಾದರೆ ನಾನು ತಾಳಬಲ್ಲೆ, ಗಂಗೂಬಾಯಿ ತೆಳ್ಳಗಾದರೆ ತಾಳಲಾರೆ.

ತೆಳ್ಳಗೆ ಯಾಕಾಗುತ್ತಾರೆ? ಅಂಗಡಿಯಲ್ಲಿ ಮಾರಾಟವಾಗುವ ಶ್ರುತಿಯೆಂದರೆ ತಳವನ್ನೂ ತುದಿಯನ್ನೂ ಎತ್ತಿ ನಡುವನ್ನು ತಗ್ಗಿಸಿದ್ದು. ಸವಣೂರಿನ ಖಾರದ ಹಾಗೆ, ಮೊದಲ ಮುಕ್ಕಿಗೆ ಜಗತ್ತೇ ಇದು ಅನಿಸುತ್ತದೆ, ಬೊಗಸೆ ಮುಗಿಯುವ ಹೊತ್ತಿಗೆ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ತಗ್ಗಿಸಿದ ಆ ನಡುಭಾಗದಲ್ಲೇ, ಇನ್ನೂರು ಹರ್ಟ್ಸ್‌ನಿಂದ ಎಂಟುನೂರರ ಆಸುಪಾಸಿನಲ್ಲೇ, ಗಂಗೂಬಾಯಿಯವರ ದನಿಯ ತೂಕವೆಲ್ಲ ಇದೆ. ಸಿನಿಮಾ ಹಾಡಿನ ಹುಡುಗರಿಗೆ ಅದು ಕಾಣೆಯಾದದ್ದು ಗೊತ್ತೇ ಆಗುವುದಿಲ್ಲ. ಗಂಗೂಬಾಯಿಯವರ ಕಿರಾನಾ ಘರಾನೆಯ ಹಾಡು ಕೇಳುವವರಿಗೆ ಮನೆಯ ನಡುಗಂಬವನ್ನೇ ಕಿತ್ತಂತಾಗುತ್ತದೆ.

ತಂಬೂರಿಯನ್ನೂ ಮರೆಯಬೇಡಿ. ಮೀರಜಿನಲ್ಲಿ ಮಾಡಿದ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲಿನ ಎಳೆ ಸೇರಿಸಿ ಕೂದಲೆಳೆಯಷ್ಟು ಸರಿಸುತ್ತಾರೆ. ಆಗ ಒಂದು ತಂತಿಯಿಂದ ಹತ್ತಾರು ಮೇಲ್ಸ್ವರಗಳು ಎದ್ದು ಬರುತ್ತವೆ. ಒಳ್ಳೆಯ ಇಯರ್‌ಫೋನಿನಲ್ಲಿ ಅವು ಒಂದರ ಹಿಂದೆ ಒಂದು ತೇಲಿ ಹೋಗುವುದು ಕೇಳುತ್ತದೆ. ಸಾಧಾರಣದ್ದರಲ್ಲಿ ಬರೀ ಝೇಂಕಾರ. ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗಿನ ಗುಮಕಿಯೂ ಹಾಗೆಯೇ, ಅದು ಏರಿ ಇಳಿಯುವುದು ಕೇಳಬೇಕು, ಬರೀ ಗುಂಯ್ ಅಂದರೆ ಆ ಜೋಡಿ ವಾಪಸು. ಈ ಎರಡು ಪರೀಕ್ಷೆಗೆ ಮಗ ತೋರಿಸುವ ಇಂಗ್ಲಿಷ್ ಡೆಮೊ ಹಾಡುಗಳು ಬೇಕಾಗುವುದಿಲ್ಲ.

ಶರೀಫರ ಪದಗಳ ವಿಷಯ. ಸಿ. ಅಶ್ವತ್ಥರ ದನಿಯಲ್ಲಿ, 1990ರ ನಾಗಾಭರಣರ ಸಿನಿಮಾದಿಂದ ಈಚೆಗಂತೂ, ಅವು ಮನೆಮನೆಗೆ ಹೋದವು. ಅಶ್ವತ್ಥರು ತಾರಕ್ಕೆ ಏರಿದಾಗ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ ಬಹಳ ಶಕ್ತಿ. ನಮ್ಮ ಕಿವಿಯ ನಾಳವೂ, ಎರಡೂವರೆ ಸೆಂಟಿಮೀಟರ್ ಉದ್ದದ್ದು, ಮೂರು ಸಾವಿರದ ಹತ್ತಿರವೇ ತಾನಾಗಿ ಅನುರಣಿಸುತ್ತದೆ. ಇಯರ್‌ಫೋನ್ ನಾಳವನ್ನು ಮುಚ್ಚಿದಾಗ ಆ ಸಹಜ ಅನುರಣನ ಕೆಡುವುದರಿಂದ, ತಯಾರಕರು ಅಲ್ಲೊಂದು ಉಬ್ಬನ್ನು ಬೇಕೆಂದೇ ಸೇರಿಸುತ್ತಾರೆ. ಉಬ್ಬು ಸ್ವಲ್ಪ ಹೆಚ್ಚಾದರೂ ಅಶ್ವತ್ಥರು ಕಿವಿಗೆ ಚುಚ್ಚುತ್ತಾರೆ. ಇನ್ನು ಶಿಶುವಿನಹಾಳದ ಕಟ್ಟೆಯ ಮೇಲೆ ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಕಳಿಸಿದ ಭಜನೆಗೆ ಲಕ್ಷದ ಇಯರ್‌ಫೋನ್ ಹಾಕಿದರೆ ಗಾಳಿಯ ಬುಸಬುಸ, ಹಿಂದೆ ಹೋದ ಟ್ರ್ಯಾಕ್ಟರು ಎಲ್ಲ ಸ್ಪಷ್ಟ. ಅದು ಹಾಡಿಗೆ ಲಾಭವೇ ಅಲ್ಲ.

ಬೆಲೆಯ ಬಗ್ಗೆ ಒಂದು ಅಧ್ಯಯನ ಇದೆ. 2017ರಲ್ಲಿ ಯರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಧ್ವನಿಸ್ಪಂದನೆಯನ್ನು ಅಳೆದ ಅಂಕಿಗಳನ್ನು ಅವುಗಳ ಮಾರಾಟದ ಬೆಲೆಯ ಜೊತೆ ಇಟ್ಟು ನೋಡಿದರು. ಕಿವಿಯೊಳಗಿನವೂ ಆ ಪಟ್ಟಿಯಲ್ಲಿದ್ದವು. ಬೆಲೆಗೂ ಸ್ಪಂದನೆಗೂ ಸಂಬಂಧ ಸಿಗಲಿಲ್ಲ. ಹಾಗೆಂದು ದುಬಾರಿಯವೆಲ್ಲ ಮೋಸ ಎಂದಲ್ಲ, ಒಳ್ಳೆಯ ಶ್ರುತಿ ಅಗ್ಗಕ್ಕೂ ಸಿಗುತ್ತದೆ, ಕೆಟ್ಟ ಶ್ರುತಿ ದುಬಾರಿಗೂ ಸಿಗುತ್ತದೆ ಎಂದಷ್ಟೇ. ದುಡ್ಡು ಹೆಚ್ಚಾದಂತೆ ಲೋಹದ ಕವಚ, ತಂತಿಯ ನೇಯ್ಗೆ, ಚರ್ಮದ ಡಬ್ಬಿ ಇವೆಲ್ಲ ನಿಶ್ಚಯವಾಗಿ ಚೆನ್ನಾಗುತ್ತವೆ.

ಅದಕ್ಕೇ ಕಣ್ಣು ಮುಚ್ಚಿ ಹೋಲಿಸಬೇಕು. ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯ ಪುಟ್ಟರಾಜರೂ ಹುಟ್ಟಿದ ತಾಲೂಕು ನಮ್ಮದು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ನೋಡದೆ ಕೇಳುವುದರ ಬೆಲೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಾವು ಮಾಡಿದ್ದು ಹೀಗೆ: ಅಳಿಯ ಹಾಕುತ್ತಿದ್ದ, ನಾನು ಕಣ್ಣು ಮುಚ್ಚಿ ಕೂತಿರುತ್ತಿದ್ದೆ, ಯಾವುದು ಎಂದು ಅವನು ಹೇಳುವಂತಿರಲಿಲ್ಲ. ಕೈಗೂ ಕೊಡುತ್ತಿರಲಿಲ್ಲ, ತೂಕದಲ್ಲೇ ಗುಟ್ಟು ರಟ್ಟಾಗುತ್ತದೆ. ಇನ್ನೊಂದು ಮುಖ್ಯ ಸಂಗತಿ, ದನಿಯ ಪ್ರಮಾಣ ಎರಡರಲ್ಲೂ ಸಮ ಇರಬೇಕು. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ನಂಬಿಬಿಡುತ್ತದೆ, ಜೋರಾಗಿದೆ ಎಂದು ನಮಗೆ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸಕ್ಕೂ. ನಾವು ಹಾಡು ಶುರುವಾಗುವ ಮೊದಲಿನ ತಂಬೂರಿಯನ್ನು ಅಳತೆ ಮಾಡಿಕೊಂಡು ವಾಲ್ಯೂಮ್ ಸರಿಮಾಡಿಕೊಳ್ಳುತ್ತಿದ್ದೆವು. ಪ್ರಯೋಗಾಲಯದವರು ಒಪ್ಪಲಿಕ್ಕಿಲ್ಲ, ಮನೆಗೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಅತಿ ದೊಡ್ಡ ವ್ಯತ್ಯಾಸ ಮಾಡುವ ವಸ್ತುವಿನ ಬೆಲೆ ನೂರಿನ್ನೂರು ರೂಪಾಯಿ ಎಂದರೆ ನಗುತ್ತೀರಿ. ಅದು ತುದಿಯ ರಬ್ಬರ್ ಟೋಪಿ. ಅದು ಕಿವಿಯನ್ನು ಬಿಗಿಯಾಗಿ ಮುಚ್ಚದಿದ್ದರೆ ತಳದ ಸ್ವರವೆಲ್ಲ ಸೋರಿಹೋಗುತ್ತದೆ, ಡಗ್ಗಾ ಇದೆಯೋ ಇಲ್ಲವೋ ಅನುಮಾನ. ಎಷ್ಟು ಒಳಗೆ ಹೋಯಿತು ಎಂಬುದರ ಮೇಲೆ ಎಂಟು ಸಾವಿರದ ಹತ್ತಿರದ ಒಂದು ಏರು ಅತ್ತಿತ್ತ ಸರಿಯುತ್ತದೆ. ಒಂದೇ ಜೋಡಿ ನಿಮ್ಮ ಮಗನಿಗೆ ಮೃದು, ನಿಮಗೆ ಕರ್ಕಶ ಆಗುವುದು ಇದರಿಂದಲೇ. ಅವನು ಕೇಳಿ ಮೆಚ್ಚಿ ಕೊರಿಯರ್ ಮಾಡಿದರೆ ನಡೆಯುವುದಿಲ್ಲ, ನಿಮ್ಮ ಕಿವಿಯೇ ಅಂಗಡಿಗೆ ಹೋಗಬೇಕು. ಬಿಗಿ ಸರಿ ಇದ್ದರೆ ಇನ್ನೊಂದು ಲಾಭ: ಹಾನಗಲ್ಲದಿಂದ ಹಿರೇಕೆರೂರಿಗೆ ಹೋಗುವ ಕೆಂಪು ಬಸ್ಸಿನಲ್ಲೂ ವಾಲ್ಯೂಮ್ ಏರಿಸದೆ ಕೇಳಬಹುದು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ಕೇಳುವ ಗಂಟೆಗಳ ಲೆಕ್ಕ ನೋಡಿದರೆ ಈ ಮಾತು ನಿಮಗೇ ಬರೆದಂತಿದೆ.

ತಂತಿ ಇರುವುದನ್ನೇ ಕೊಳ್ಳಿ. ಬ್ಲೂಟೂತ್‌ನವು ಕೆಟ್ಟವೆಂದಲ್ಲ, ಆದರೆ ಅವುಗಳ ಬ್ಯಾಟರಿ ಕೆಲ ವರ್ಷಕ್ಕೆ ಸೋಲುತ್ತದೆ, ಜೊತೆಗೆ ಇಡೀ ಇಯರ್‌ಫೋನೂ ಹೋಗುತ್ತದೆ. ಹಲವು ಆರ್ಮೇಚರ್ ಇರುವುದನ್ನು ಆರಿಸಿದರೆ ಮಗನಿಗೆ ಒಂದು ಮಾತು ಹೇಳಿ: ಫೋನಿಗೆ ಸಿಕ್ಕಿಸುವ ಡಾಂಗಲ್‌ನ ಔಟ್‌ಪುಟ್ ಇಂಪಿಡೆನ್ಸ್ ಒಂದು ಓಮಿನ ಒಳಗಿರಲಿ, ಇಲ್ಲದಿದ್ದರೆ ದನಿಯ ಬಣ್ಣವೇ ಬದಲಾಗುತ್ತದೆ. ಅವನಿಗೆ ಅರ್ಥವಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಡೈನಾಮಿಕ್ ಡ್ರೈವರಿನ, ನಡುವನ್ನು ತಗ್ಗಿಸದ ಜೋಡಿ ಹುಡುಕುತ್ತೇನೆ. ಹದಿನೈದು ಇಪ್ಪತ್ತು ಸಾವಿರದೊಳಗೆ ನಮಗೆ ಬೇಕಾದ ಗಂಗೂಬಾಯಿ ಸಿಗುತ್ತಾರೆ. ಅದರಾಚೆ ಸಿಗುವುದು ಕೃಷ್ಣಾ ಅವರ ಉಸಿರು, ತಂಬೂರಿಯ ಇನ್ನೆರಡು ಮೇಲ್ಸ್ವರ. ಅವಕ್ಕೆ ಎಂಬತ್ತು ಸಾವಿರ ಕೊಡುವುದು ಬಿಡುವುದು ನಿಮ್ಮ ಮಗನ ಪ್ರೀತಿಗೆ ಬಿಟ್ಟದ್ದು, ನಾನು ಅಡ್ಡ ಬರುವುದಿಲ್ಲ.

ಅಳಿಯ ಸಂಕ್ರಾಂತಿಗೆ ಮತ್ತೆ ಬರುತ್ತಾನೆ, ಡಬ್ಬಿಯೂ ಬರುತ್ತದೆ. ಬಸ್ಸು ಹತ್ತಿ ಬಂದುಬಿಡಿ, ಒಂದು ಮಧ್ಯಾಹ್ನ ಕೂತು ಕೇಳೋಣ. ಬರುವಾಗ ನಿಮ್ಮ ಡಾಂಗಲ್ ಮರೆಯದೆ ತನ್ನಿ, ನನ್ನದರ ತೂತು ಸಡಿಲಾಗಿ ಎಡಗಿವಿಯ ದನಿ ಹೋಗಿ ಬಂದು ಮಾಡುತ್ತಿದೆ. ಮನೆಯಲ್ಲಿ ಅಕ್ಕನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ಹಾನಗಲ್ಲದ ಗೆಳೆಯ